ಗಾಲ್ಫ್ ರಜೆಗೆ ಯಾವ ನಗರ? ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಲ್ಫ್ ಆಡುವುದಕ್ಕೆಂದೇ ಪ್ರವಾಸ ಹೊರಡುವವರ ಪತ್ರಗಳು ಈ ಬಾರಿ ಹೆಚ್ಚಾಗಿ ಬಂದಿವೆ. ನಗರದ ಆಯ್ಕೆಗೆ ಸಂಬಂಧಿಸಿದವನ್ನು ಮಾತ್ರ ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಹಲವು ವರ್ಷಗಳಿಂದ ಒಟ್ಟಿಗೆ ಗಾಲ್ಫ್ ಆಡುತ್ತಿದ್ದೇವೆ. ಈಗ ಒಂದು ವಾರ ಒಂದೇ ನಗರದಲ್ಲಿ ಉಳಿದು ಸುತ್ತಮುತ್ತಲ ಕೋರ್ಸ್‌ಗಳಲ್ಲಿ ಆಡಬೇಕೆಂದು ತೀರ್ಮಾನಿಸಿದ್ದೇವೆ. ಟಿ.ವಿ.ಯಲ್ಲಿ ಕಂಡ ಪ್ರಸಿದ್ಧ ಕೋರ್ಸ್‌ಗಳ ಪಟ್ಟಿಯೇನೋ ಸಿದ್ಧವಾಗಿದೆ; ಆದರೆ ಯಾವ ಆಧಾರದ ಮೇಲೆ ನಗರವನ್ನು ಆರಿಸಬೇಕೆಂಬುದು ತಿಳಿಯುತ್ತಿಲ್ಲ.

ಉತ್ತರ: ಹೆಚ್ಚಿನವರು ಕೋರ್ಸ್‌ನ ಕೀರ್ತಿಯಿಂದ ಆರಂಭಿಸುತ್ತಾರೆ. ಪ್ರವೇಶದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ನಿಮ್ಮ ಪಟ್ಟಿಯ ಪ್ರತಿ ಹೆಸರಿನ ಎದುರಿಗೂ, ಸದಸ್ಯರಲ್ಲದ ನಾಲ್ವರು ಅಲ್ಲಿ ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಆಡಬಹುದು ಎಂಬುದನ್ನು ಬರೆದುಕೊಳ್ಳಿ. ಬರೆಯಲು ಏನೂ ಸಿಗದ ಹೆಸರುಗಳನ್ನು ಮನಸ್ಸು ಗಟ್ಟಿಮಾಡಿಕೊಂಡು ಹೊಡೆದುಹಾಕಿ. ಮಾಸ್ಟರ್ಸ್ ಪಂದ್ಯಾವಳಿಯ ಅಗಸ್ಟಾ ನ್ಯಾಷನಲ್ ಅನ್ನು ಕೋಟ್ಯಂತರ ಜನ ಪ್ರತಿ ಏಪ್ರಿಲ್‌ನಲ್ಲಿ ನೋಡುತ್ತಾರೆ, ಆದರೆ ಸದಸ್ಯರ ಅತಿಥಿಯಾಗಿ ಕರೆಸಿಕೊಂಡವರನ್ನು ಬಿಟ್ಟರೆ ಹೊರಗಿನವರಿಗೆ ಅಲ್ಲಿ ಆಟವಿಲ್ಲ. ಅಂಥ ಕೋರ್ಸ್ ಒಂದಿದೆ ಎಂಬ ಕಾರಣಕ್ಕೆ ಆ ನಗರಕ್ಕೆ ಹೋದವರು ಬೇಲಿಯನ್ನು ನೋಡಿಕೊಂಡು ಮರಳಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ನಗರಗಳೂ ಇವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿರುವ ಟೋರಿ ಪೈನ್ಸ್ ಆ ನಗರದ ಆಡಳಿತಕ್ಕೇ ಸೇರಿದ್ದು; ಸಾಗರದ ಕಡಿದಾದ ದಂಡೆಯ ಮೇಲೆ ಹರಡಿರುವ ಅದರ ಎರಡು ಕೋರ್ಸ್‌ಗಳ ಪೈಕಿ ದಕ್ಷಿಣದ್ದರಲ್ಲಿ 2008 ಮತ್ತು 2021ರ ಯು.ಎಸ್. ಓಪನ್‌ಗಳು ನಡೆದವು. ಮೊದಲ ಆದ್ಯತೆ ಊರಿನವರಿಗೇ ಇದ್ದರೂ ಹೊರಗಿನಿಂದ ಬಂದ ಆಟಗಾರನೂ ಮುಂಚಿತವಾಗಿ ಟೀ ಟೈಮ್ (ಆಟ ಆರಂಭಿಸುವ ಸಮಯ) ಕಾಯ್ದಿರಿಸಿ, ಟೈಗರ್ ವುಡ್ಸ್ ಮುರಿದ ಕಾಲಿನಲ್ಲಿ ಗೆದ್ದ ಅದೇ ನೆಲದ ಮೇಲೆ ಆಡಬಹುದು. ನ್ಯೂಯಾರ್ಕ್ ಹತ್ತಿರದ ಬೆತ್‌ಪೇಜ್ ಕೂಡ ಸರ್ಕಾರಿ ಉದ್ಯಾನವೇ. ಅಲ್ಲಿನ ಐದು ಕೋರ್ಸ್‌ಗಳಲ್ಲಿ ಅತ್ಯಂತ ಕಠಿಣವಾದ ಬ್ಲ್ಯಾಕ್‌ನಲ್ಲಿ 2002 ಮತ್ತು 2009ರ ಯು.ಎಸ್. ಓಪನ್, 2025ರ ರೈಡರ್ ಕಪ್ ನಡೆದಿವೆ. ಆದರೆ ಬ್ಲ್ಯಾಕ್‌ನಲ್ಲಿ ಬಗ್ಗಿಗೆ (ಆಟಗಾರರನ್ನು ಒಯ್ಯುವ ಪುಟ್ಟ ವಾಹನಕ್ಕೆ) ಅವಕಾಶವಿಲ್ಲ, ಕಡೆಯ ಹೋಲ್‌ವರೆಗೂ (ಚೆಂಡನ್ನು ಸೇರಿಸಬೇಕಾದ ಕೊನೆಯ ಗುಳಿಯವರೆಗೂ) ನಡೆದೇ ಆಡಬೇಕು; ನಿಮ್ಮಲ್ಲಿ ಯಾರಿಗಾದರೂ ಮೊಣಕಾಲು ನೋವಿದ್ದರೆ ಈ ಒಂದೇ ನಿಯಮ ನಿರ್ಧಾರವನ್ನು ಬದಲಿಸೀತು.

ಇವೆರಡರ ನಡುವೆ, ಬಾಗಿಲು ಮುಚ್ಚಿದಂತೆ ಕಂಡರೂ ಸರಿಯಾಗಿ ಕೇಳಿದರೆ ತೆರೆಯುವ ನಗರಗಳದ್ದೇ ಒಂದು ವರ್ಗ. ಮೆಲ್ಬರ್ನ್ ಅದಕ್ಕೆ ಅತ್ಯುತ್ತಮ ಉದಾಹರಣೆ. ನಗರದ ಆಗ್ನೇಯ ಬಡಾವಣೆಗಳ ಕೆಳಗೆ ಹಾದುಹೋಗುವ ಮರಳು ಮಿಶ್ರಿತ ನೆಲದ ಪಟ್ಟಿಯನ್ನು ಸ್ಯಾಂಡ್‌ಬೆಲ್ಟ್ ಎನ್ನುತ್ತಾರೆ. ರಾಯಲ್ ಮೆಲ್ಬರ್ನ್, ಕಿಂಗ್‌ಸ್ಟನ್ ಹೀತ್, ವಿಕ್ಟೋರಿಯಾ, ಮೆಟ್ರೊಪಾಲಿಟನ್, ಕಾಮನ್‌ವೆಲ್ತ್, ಹಂಟಿಂಗ್‌ಡೇಲ್, ಯಾರಾ ಯಾರಾ ಎಲ್ಲವೂ ಆ ಒಂದೇ ಪಟ್ಟಿಯ ಮೇಲೆ, ಒಂದರಿಂದ ಇನ್ನೊಂದಕ್ಕೆ ಅಲ್ಪ ಹೊತ್ತಿನ ಪ್ರಯಾಣದ ದೂರದಲ್ಲಿವೆ. ನೀರು ಬೇಗ ಇಂಗುವುದರಿಂದ ನೆಲ ಸದಾ ಗಟ್ಟಿಯಾಗಿರುತ್ತದೆ, ಚೆಂಡು ಬಿದ್ದ ಮೇಲೂ ಬಹುದೂರ ಓಡುತ್ತದೆ. 1926ರಲ್ಲಿ ಅಲ್ಲಿಗೆ ಬಂದ ವಿನ್ಯಾಸಕಾರ ಅಲಿಸ್ಟರ್ ಮೆಕೆಂಝಿ ರೂಪಿಸಿಕೊಟ್ಟ, ಗ್ರೀನ್‌ನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಭಾಗದ) ಅಂಚನ್ನೇ ಕತ್ತರಿಸಿದಂತೆ ಕಾಣುವ ಬಂಕರ್‌ಗಳು, ಅಂದರೆ ಮರಳುಗುಂಡಿಗಳು, ಆ ಗಟ್ಟಿ ನೆಲದ ಮೇಲೆ ಇನ್ನಷ್ಟು ಅಪಾಯಕಾರಿಯಾಗುತ್ತವೆ. ಇವೆಲ್ಲ ಖಾಸಗಿ ಕ್ಲಬ್‌ಗಳು. ಆದರೂ ಬೇರೆ ದೇಶದ ಕ್ಲಬ್‌ನ ಸದಸ್ಯರು ತಮ್ಮ ಕ್ಲಬ್‌ನ ಕಾರ್ಯದರ್ಶಿಯಿಂದ ಪರಿಚಯ ಪತ್ರವನ್ನೂ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಸಂಖ್ಯೆ; ಕಡಿಮೆಯಾದಷ್ಟೂ ಆಟ ಮೇಲು) ಪ್ರಮಾಣಪತ್ರವನ್ನೂ ಪಡೆದು ತಿಂಗಳುಗಳ ಮುಂಚೆಯೇ ಬರೆದು ಕೇಳಿದರೆ, ವಾರದ ನಡುವಿನ ಕೆಲವು ದಿನಗಳಲ್ಲಿ ಅವಕಾಶ ಸಿಗುವುದುಂಟು. ನಿಮಗೆ ಯಾವ ಕ್ಲಬ್‌ನ ಸದಸ್ಯತ್ವವೂ ಇಲ್ಲದಿದ್ದರೆ ಮೆಲ್ಬರ್ನನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಎರಡನೆಯದಾಗಿ ನೋಡಬೇಕಾದದ್ದು ಮಂಚದಿಂದ ಮೊದಲ ಟೀವರೆಗಿನ, ಅಂದರೆ ಆಟ ಆರಂಭಿಸುವ ಜಾಗದವರೆಗಿನ ಹೊತ್ತು. ಹದಿನೆಂಟು ಹೋಲ್‌ಗಳ ಒಂದು ಸುತ್ತಿಗೆ ನಾಲ್ಕರಿಂದ ನಾಲ್ಕೂವರೆ ಗಂಟೆ ಹಿಡಿಯುತ್ತದೆ, ನಡೆದು ಆಡಿದರೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಅದರ ಹಿಂದೆ ಮುಂದೆ ಎರಡೆರಡು ಗಂಟೆಯ ವಾಹನ ಪ್ರಯಾಣ ಸೇರಿದರೆ ನೀವು ಆರಿಸಿದ ನಗರವನ್ನು ಕತ್ತಲಲ್ಲಿ ಮಾತ್ರ ನೋಡುತ್ತೀರಿ. ಈ ದೃಷ್ಟಿಯಿಂದ ನಾನು ಮತ್ತೆ ಮತ್ತೆ ಸೂಚಿಸುವ ಹೆಸರು ಲಿವರ್‌ಪೂಲ್. ಅಲ್ಲಿಂದ ಉತ್ತರಕ್ಕೆ ಸೌತ್‌ಪೋರ್ಟ್‌ವರೆಗೆ ಹೋಗುವ ಲೋಕಲ್ ರೈಲುಮಾರ್ಗದ ಉದ್ದಕ್ಕೂ ಸಮುದ್ರದಂಡೆಯ ಮರಳುದಿಬ್ಬಗಳಲ್ಲಿ ವೆಸ್ಟ್ ಲ್ಯಾಂಕಷೈರ್, ಫಾರ್ಂಬಿ, ಹಿಲ್‌ಸೈಡ್, ರಾಯಲ್ ಬರ್ಕ್‌ಡೇಲ್ ಒಂದಾದ ಮೇಲೊಂದು ಬರುತ್ತವೆ. ಕಡೆಯ ಎರಡಕ್ಕೂ ಹಿಲ್‌ಸೈಡ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ನದಿಯ ಆಚೆಗಿನ ಹಾಯ್‌ಲೇಕ್ ನಿಲ್ದಾಣದ ಬಳಿ, 1869ರಲ್ಲಿ ಆರಂಭವಾದ ರಾಯಲ್ ಲಿವರ್‌ಪೂಲ್ ಇದೆ. ಕಾರು ಬಾಡಿಗೆಗೆ ಪಡೆಯದೆ, ಚೀಲವನ್ನು ಹೆಗಲಿಗೇರಿಸಿ ರೈಲು ಹತ್ತಿ ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ ನಡೆಯುವ ಎರಡು ಕೋರ್ಸ್‌ಗಳಿಗೆ ಹೋಗಬಹುದಾದ ನಗರ ಅಪರೂಪ.

ಹೋಗುವ ವರ್ಷದ ಪಂದ್ಯಾವಳಿಗಳ ವೇಳಾಪಟ್ಟಿಯನ್ನೂ ಮರೆಯದೆ ನೋಡಿ. ಓಪನ್ 2026ರ ಜುಲೈಗೆ ರಾಯಲ್ ಬರ್ಕ್‌ಡೇಲ್‌ನಲ್ಲಿ, 2027ರಲ್ಲಿ ಸ್ಕಾಟ್‌ಲೆಂಡ್‌ನ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಿಗದಿಯಾಗಿದೆ. ಇಂಥ ದೊಡ್ಡ ಪಂದ್ಯಾವಳಿಗೆ ಮುಂಚಿನ ವಾರಗಳಲ್ಲಿ ಆ ಕೋರ್ಸ್‌ನಲ್ಲಿ ಹೊರಗಿನವರಿಗೆ ಅವಕಾಶ ನಿಲ್ಲುತ್ತದೆ, ಸುತ್ತಲಿನ ಹೋಟೆಲ್‌ಗಳೂ ತುಂಬಿಹೋಗುತ್ತವೆ.

ಮೊದಲ ಪ್ರವಾಸಕ್ಕೆ ಒಂದೇ ಹೆಸರನ್ನು ಹೇಳಿ ಎಂದು ನೀವು ಒತ್ತಾಯಿಸಿದರೆ ಎಡಿನ್‌ಬರೊ ಎನ್ನುತ್ತೇನೆ. ಕಾರಣವನ್ನು ಮುಂದಿನ ಪತ್ರಕ್ಕೆ ಬರೆದ ಉತ್ತರದಲ್ಲಿ ವಿವರಿಸಿದ್ದೇನೆ.

ಪ್ರಶ್ನೆ: ಜೀವನದಲ್ಲಿ ಒಮ್ಮೆಯಾದರೂ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಸೇಂಟ್ ಆಂಡ್ರ್ಯೂಸ್‌ನಲ್ಲೇ ಉಳಿಯಬೇಕೇ, ಎಡಿನ್‌ಬರೊದಲ್ಲಿ ಉಳಿಯಬಹುದೇ?

ಉತ್ತರ: ಓಲ್ಡ್ ಕೋರ್ಸ್ ಸಾರ್ವಜನಿಕ ಕೋರ್ಸ್. ಗಾಲ್ಫ್‌ನ ತವರೆಂದು ಜಗತ್ತೇ ಕರೆಯುವ ಈ ಸ್ಥಳ ಯಾವ ಒಂದು ಕ್ಲಬ್‌ಗೂ ಸೇರಿದ್ದಲ್ಲ, ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ. ಹದಿನೆಂಟು ಹೋಲ್‌ಗಳ ಸುತ್ತು ರೂಪುಗೊಂಡದ್ದೂ ಇಲ್ಲೇ: 1764ರಲ್ಲಿ ಕೆಲವು ಚಿಕ್ಕ ಹೋಲ್‌ಗಳನ್ನು ಒಂದುಗೂಡಿಸಿ ಇಪ್ಪತ್ತೆರಡರ ಸುತ್ತನ್ನು ಹದಿನೆಂಟಕ್ಕೆ ಇಳಿಸಿದರು. ಇಲ್ಲಿ ಆಡಲು ಹಲವು ದಾರಿಗಳಿವೆ. ಹಿಂದಿನ ವರ್ಷವೇ ಅರ್ಜಿ ಹಾಕಿ ಸಮಯ ಪಡೆಯುವುದು ಒಂದು. ಆಡುವ ದಿನಕ್ಕೆ ಎರಡು ದಿನ ಮುಂಚೆ ಎತ್ತುವ ಚೀಟಿಯಲ್ಲಿ ಅದೃಷ್ಟ ನೋಡುವುದು ಇನ್ನೊಂದು. ಚೀಟಿಗೆ ಹೆಸರು ಕೊಡುವ ಗುಂಪಿನಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು ಇರಬೇಕು. ಒಬ್ಬರೇ ಹೋದವರಿಗೂ ಪ್ರತ್ಯೇಕ ವ್ಯವಸ್ಥೆ ಇದೆ. ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಕೇಳುತ್ತಾರೆ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವೇ ಇರುವುದಿಲ್ಲ. ಊರಿನ ಜನ ಅಂದು ಫೇರ್‌ವೇಗಳ (ಹುಲ್ಲು ಕತ್ತರಿಸಿದ ಆಟದ ದಾರಿಗಳ) ಮೇಲೆ ತಿರುಗಾಡುತ್ತಾರೆ, ನೀವೂ ಹೋಗಿ ಕೋರ್ಸ್‌ನೊಳಗಿನ ಪ್ರಸಿದ್ಧ ಸ್ವಿಲ್ಕನ್ ಸೇತುವೆಯ ಮೇಲೆ ನಿಲ್ಲಬಹುದು.

ಮುಂಚಿತವಾಗಿ ಸಮಯ ಸಿಕ್ಕಿದ್ದರೆ ಎಡಿನ್‌ಬರೊದಲ್ಲೇ ಉಳಿಯಿರಿ. ರೈಲಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣಿಸಿ ಲೂಕರ್ಸ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಬಸ್ಸು, ಟ್ಯಾಕ್ಸಿ ಸಿಗುತ್ತವೆ. ಚೀಟಿಯನ್ನೇ ನಂಬಿದ್ದರೆ ಮಾತ್ರ ಸೇಂಟ್ ಆಂಡ್ರ್ಯೂಸ್‌ನಲ್ಲಿ ಎರಡು ಮೂರು ರಾತ್ರಿ ತಂಗಿ ಪ್ರತಿದಿನವೂ ಹೆಸರು ಕೊಡುತ್ತಿರುವುದು ಒಳ್ಳೆಯದು. ಹೆಸರು ಬಾರದ ದಿನವೂ ವ್ಯರ್ಥವಾಗುವುದಿಲ್ಲ. ಅದೇ ಟ್ರಸ್ಟ್ ಒಟ್ಟು ಏಳು ಕೋರ್ಸ್‌ಗಳನ್ನು ನಡೆಸುತ್ತದೆ. ಅವುಗಳಲ್ಲಿ 1895ರ ನ್ಯೂ ಕೋರ್ಸ್ ನನ್ನ ಮಟ್ಟಿಗೆ ಯಾವ ಊರಿನಲ್ಲಿದ್ದರೂ ಆ ಊರಿನ ಹೆಮ್ಮೆಯಾಗಬಲ್ಲದ್ದು. ಓಲ್ಡ್ ಕೋರ್ಸ್‌ನ ಪಕ್ಕದಲ್ಲೇ ಇರುವುದರಿಂದಷ್ಟೇ ಅದು ಎರಡನೆಯದಾಗಿದೆ. ಚಳಿಗಾಲದ ತಿಂಗಳುಗಳಲ್ಲಿ ಓಲ್ಡ್ ಕೋರ್ಸ್‌ನ ಹುಲ್ಲನ್ನು ಕಾಪಾಡಲು ಫೇರ್‌ವೇಗಳಲ್ಲಿ ಚೆಂಡನ್ನು ಸಣ್ಣ ಚಾಪೆಯ ಮೇಲಿಟ್ಟು ಹೊಡೆಯಬೇಕಾಗುತ್ತದೆ. ಜೀವಮಾನದ ಒಂದೇ ಸುತ್ತಿಗೆ ಆ ತಿಂಗಳುಗಳನ್ನು ಆರಿಸಿಕೊಳ್ಳಬೇಡಿ.

ಎಡಿನ್‌ಬರೊವನ್ನು ನಾನು ಮೇಲಿಡುವುದು ಓಲ್ಡ್ ಕೋರ್ಸ್ ಒಂದರಿಂದಲ್ಲ. ಅಲ್ಲಿಂದ ಪೂರ್ವಕ್ಕೆ ಸುಮಾರು ಅರ್ಧ ಗಂಟೆಯ ರೈಲು ಪ್ರಯಾಣದಲ್ಲಿ ನಾರ್ತ್ ಬೆರಿಕ್ ಬರುತ್ತದೆ. ಲಿಂಕ್ಸ್ ಎಂದರೆ ಕಡಲತೀರದ ಮರಳು ನೆಲದ ಕೋರ್ಸ್; ಅಲ್ಲಿನ ವೆಸ್ಟ್ ಲಿಂಕ್ಸ್‌ನ ಹದಿನೈದನೆಯ ಹೋಲ್ ‘ರೆಡಾನ್’ ಅನ್ನು, ಓರೆಯಾಗಿ ಹಿಂದಕ್ಕೆ ಇಳಿಯುವ ಅದರ ಗ್ರೀನ್‌ನ ಸಮೇತ, ಜಗತ್ತಿನ ಎಷ್ಟೋ ವಿನ್ಯಾಸಕಾರರು ತಮ್ಮ ಕೋರ್ಸ್‌ಗಳಲ್ಲಿ ಅನುಕರಿಸಿದ್ದಾರೆ. ದಾರಿಯಲ್ಲೇ ಗಲನ್‌ನ ಮೂರು ಕೋರ್ಸ್‌ಗಳಿವೆ. ಕುದುರೆ ಓಟದ ಬಯಲಿನೊಳಗೇ ಇರುವ ಮಸಲ್‌ಬರೊದ ಒಂಬತ್ತು ಹೋಲ್‌ಗಳ ಹಳೆಯ ಲಿಂಕ್ಸ್‌ನಲ್ಲಿ 1874ರಿಂದ 1889ರ ನಡುವೆ ಆರು ಬಾರಿ ಓಪನ್ ನಡೆಯಿತು. ಮ್ಯೂರ್‌ಫೀಲ್ಡ್‌ನಲ್ಲಿ ಮಾತ್ರ ಹೊರಗಿನವರಿಗೆ ವಾರದ ಆಯ್ದ ದಿನಗಳಷ್ಟೇ ಮೀಸಲು. ಆ ಕೋರ್ಸ್ ನಿಮ್ಮ ಯೋಜನೆಯಲ್ಲಿದ್ದರೆ ಅದರ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಉಳಿದವನ್ನು ಅದರ ಸುತ್ತ ಹೊಂದಿಸಿ. ಇಷ್ಟೊಂದು ಆಯ್ಕೆ ಒಂದೇ ನಗರದ ಸುತ್ತ ಇದ್ದಾಗ, ಒಂದು ಚೀಟಿ ಎದ್ದು ಬಾರದಿದ್ದರೂ ಒಂದು ದಿನ ಮಳೆ ಹಿಡಿದರೂ ರಜೆ ಕೆಡುವುದಿಲ್ಲ.

ಪ್ರಶ್ನೆ: ನಮಗೆ ರಜೆ ಸಿಗುವುದು ಡಿಸೆಂಬರ್ ಕಡೆಯಲ್ಲಿ ಮಾತ್ರ. ಆ ತಿಂಗಳಿಗೆ ಯಾವ ನಗರ ಸೂಕ್ತ?

ಉತ್ತರ: ಮೊದಲು ಹಗಲಿನ ಉದ್ದವನ್ನು ಲೆಕ್ಕಹಾಕಿ. ಎಡಿನ್‌ಬರೊದಲ್ಲಿ ಜೂನ್ ಕಡೆಯಲ್ಲಿ ಹದಿನೇಳು ಗಂಟೆಗೂ ಹೆಚ್ಚು ಬೆಳಕಿರುತ್ತದೆ, ಇಚ್ಛೆಯಿದ್ದವರು ದಿನಕ್ಕೆ ಎರಡು ಸುತ್ತು ಆಡಬಹುದು. ಡಿಸೆಂಬರ್‌ನಲ್ಲಿ ಅದು ಏಳು ಗಂಟೆಗೆ ಇಳಿಯುತ್ತದೆ. ಆದ್ದರಿಂದ ನೀವು ದಕ್ಷಿಣ ಗೋಳಾರ್ಧದ ಕಡೆಗೋ ಬೆಚ್ಚಗಿನ ನಾಡುಗಳ ಕಡೆಗೋ ನೋಡಬೇಕು.

ಕೇಪ್ ಟೌನ್‌ನಲ್ಲಿ ಅದು ಒಣ ಬೇಸಿಗೆ, ಹಗಲು ದೀರ್ಘ. 1885ರಲ್ಲಿ ಹುಟ್ಟಿದ ರಾಯಲ್ ಕೇಪ್ ಸೇರಿದಂತೆ ನಗರದೊಳಗೇ ಹಲವು ಕೋರ್ಸ್‌ಗಳಿವೆ. ಆದರೆ ಆ ತಿಂಗಳುಗಳಲ್ಲಿ ಆಗ್ನೇಯದಿಂದ ಬೀಸುವ ಬಿರುಗಾಳಿ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆಯಾದ್ದರಿಂದ ಬೆಳಗಿನ ಟೀ ಟೈಮ್‌ಗಳನ್ನೇ ಕೇಳಿ. ಬ್ಯಾಂಕಾಕ್‌ನಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಮಳೆ ಕಡಿಮೆ, ಸೆಖೆಯೂ ಇಳಿದಿರುತ್ತದೆ; ಬಹುತೇಕ ಕೋರ್ಸ್‌ಗಳಲ್ಲಿ ಪ್ರತಿ ಆಟಗಾರನಿಗೂ ಕ್ಯಾಡಿ (ಚೀಲ ನೋಡಿಕೊಳ್ಳುವ ಸಹಾಯಕ) ಕಡ್ಡಾಯವಾಗಿರುವುದರಿಂದ ಅದರ ವೆಚ್ಚವನ್ನು ಮೊದಲೇ ಸೇರಿಸಿಕೊಳ್ಳಿ. ಕೋರ್ಸ್‌ಗಳು ನಗರದ ಸುತ್ತ ಚದುರಿರುವುದರಿಂದ ಯಾವ ದಿಕ್ಕಿನಲ್ಲಿ ಹೆಚ್ಚು ಆಡುತ್ತೀರಿ ಎಂದು ನಿರ್ಧರಿಸಿ, ಆ ದಿಕ್ಕಿನಲ್ಲೇ ವಸತಿ ಹಿಡಿಯುವುದು ಜಾಣತನ.

ದುಬೈ ಕೂಡ ಈ ತಿಂಗಳಿಗೆ ಹೇಳಿ ಮಾಡಿಸಿದ ನಗರ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಅಲ್ಲಿನ ಬಿಸಿಲು ಡಿಸೆಂಬರ್‌ನಲ್ಲಿ ಹಿತವಾಗಿರುತ್ತದೆ. 1988ರಲ್ಲಿ ತೆರೆದ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಮಜ್ಲಿಸ್ ಮಧ್ಯಪ್ರಾಚ್ಯದ ಮೊದಲ ಹುಲ್ಲಿನ ಕೋರ್ಸ್. ಅದೇ ಕ್ಲಬ್‌ನ ಇನ್ನೊಂದು ಕೋರ್ಸ್‌ನಲ್ಲಿ ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಆಡುವ ಅನುಕೂಲವಿದ್ದು, ಚಳಿಗಾಲದ ಹಗಲು ಗಿಡ್ಡವಾದದ್ದು ಅಲ್ಲಿ ಅಷ್ಟಾಗಿ ಕಾಡುವುದಿಲ್ಲ.

ತಿಂಗಳು ಯಾವುದೇ ಇರಲಿ, ಕಾಯ್ದಿರಿಸುವ ಮುನ್ನ ಕೋರ್ಸ್‌ನವರಿಗೆ ಬರೆದು ಕೇಳಲೇಬೇಕಾದ ಮಾತೊಂದಿದೆ: ನಾವು ಬರುವ ವಾರದಲ್ಲಿ ಗ್ರೀನ್‌ಗಳ ದುರಸ್ತಿ ನಡೆಯುತ್ತಿರುತ್ತದೆಯೇ? ಬೇರಿಗೆ ಗಾಳಿಯಾಡಲೆಂದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಗ್ರೀನ್‌ನ ತುಂಬ ಸಣ್ಣ ತೂತುಗಳನ್ನು ಕೊರೆದು ಮರಳು ತುಂಬುತ್ತಾರೆ. ಆ ಮೇಲ್ಮೈ ಮತ್ತೆ ಸಮವಾಗಲು ಎರಡು ಮೂರು ವಾರ ಬೇಕು. ಬಿಸಿ ನಾಡಿನ ಕೋರ್ಸ್‌ಗಳಲ್ಲಿ ಬೇಸಿಗೆಯ ಹುಲ್ಲಿನ ಮೇಲೆ ಚಳಿಗಾಲದ ಹುಲ್ಲಿನ ಬೀಜ ಬಿತ್ತುವ ಕೆಲಸ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಡೆಯುತ್ತದೆ, ಆಗ ಕೆಲವು ಕೋರ್ಸ್‌ಗಳು ವಾರಗಟ್ಟಲೆ ಮುಚ್ಚಿರುತ್ತವೆ. ಹಾಗೆ ಯಾರೂ ಪುಕ್ಕಟೆಯಾಗಿ ಎಚ್ಚರಿಸುವುದಿಲ್ಲ, ನಾವೇ ಕೇಳಬೇಕು.

ಪ್ರಶ್ನೆ: ನಾನು ಕಲಿಯಲು ಆರಂಭಿಸಿ ಹೆಚ್ಚು ಕಾಲವಾಗಿಲ್ಲ. ಪ್ರಸಿದ್ಧ ಗಾಲ್ಫ್ ನಗರಕ್ಕೆ ಹೋದರೆ ನನ್ನನ್ನು ಆಡಲು ಬಿಟ್ಟಾರೆಯೇ?

ಉತ್ತರ: ಖಂಡಿತ ಬಿಡುತ್ತಾರೆ, ಎಲ್ಲ ಕೋರ್ಸ್‌ಗಳಲ್ಲಿ ಅಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54.0ವರೆಗೂ ಹ್ಯಾಂಡಿಕ್ಯಾಪ್ ಪಡೆಯಬಹುದಾದರೂ, ಹೆಸರಾಂತ ಕೋರ್ಸ್‌ಗಳು ತಮ್ಮದೇ ಮಿತಿಯನ್ನು ಅದಕ್ಕಿಂತ ಬಹಳ ಕೆಳಗೆ ಇಟ್ಟುಕೊಂಡಿರುತ್ತವೆ. ಪ್ರಯಾಣಕ್ಕೆ ಮೊದಲು ಅಧಿಕೃತ ಹ್ಯಾಂಡಿಕ್ಯಾಪ್ ಪಡೆದುಕೊಳ್ಳಿ, ಮತ್ತು ಒಂಬತ್ತು ಹೋಲ್‌ಗಳ ಕೋರ್ಸ್‌ಗಳೂ ನಗರಾಡಳಿತದ ಕೋರ್ಸ್‌ಗಳೂ ಇರುವ ನಗರವನ್ನೇ ಆರಿಸಿ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಕೂಡ ಹೊಸಬರಿಗಾಗಿಯೇ ಬಾಲ್ಗೋವ್ ಎಂಬ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾನೊಬ್ಬನೇ ಗಾಲ್ಫ್ ಆಡುವವನು. ಪತ್ನಿಗೂ ಇಬ್ಬರು ಮಕ್ಕಳಿಗೂ ಬೇಸರವಾಗದಂತೆ ಆಡಿಬರಲು ಯಾವ ನಗರ ಒಳ್ಳೆಯದು?

ಉತ್ತರ: ನಿಮ್ಮ ಪತ್ರದ ಕಾಳಜಿ ನನಗೆ ಮೆಚ್ಚುಗೆಯಾಯಿತು. ಕೋರ್ಸ್‌ಗಳಿಗಾಗಿಯೇ ಕಟ್ಟಿದ, ಸುತ್ತ ಬೇರೇನೂ ಇಲ್ಲದ ರೆಸಾರ್ಟ್‌ಗೆ ಮನೆಯವರನ್ನು ಕರೆದೊಯ್ದರೆ, ನೀವು ಮೈದಾನದಲ್ಲಿರುವ ಐದಾರು ಗಂಟೆಗಳು ಅವರಿಗೆ ಬರಿಯ ಕಾಯುವಿಕೆಯಾಗುತ್ತವೆ. ನಿಮ್ಮಂಥವರಿಗೆ ನಗರವೇ ಸರಿ, ಅದರಲ್ಲೂ ನೀವಿಲ್ಲದೆ ಅವರು ಸುಲಭವಾಗಿ ತಿರುಗಾಡಬಹುದಾದ ನಗರ.

ಡಬ್ಲಿನ್ ಅನ್ನು ಯೋಚಿಸಿ ನೋಡಿ. ನಗರಕ್ಕೆ ಅಂಟಿಕೊಂಡಂತಿರುವ ಬುಲ್ ದ್ವೀಪದ ಮೇಲೆ ರಾಯಲ್ ಡಬ್ಲಿನ್, ಸೇಂಟ್ ಆನ್ಸ್ ಎಂಬ ಎರಡು ಲಿಂಕ್ಸ್ ಕೋರ್ಸ್‌ಗಳಿವೆ. ಅದೇ ದ್ವೀಪದಲ್ಲಿ ಉದ್ದನೆಯ ಮರಳ ದಂಡೆ, ಹಕ್ಕಿಗಳ ಧಾಮ ಇರುವುದರಿಂದ ಎಲ್ಲರೂ ಒಟ್ಟಿಗೇ ಹೊರಡಬಹುದು. ಉತ್ತರಕ್ಕೆ ಇನ್ನಷ್ಟು ದೂರ ಹೋದರೆ 1894ರ ಪೋರ್ಟ್‌ಮಾರ್ನಕ್ ಸಿಗುತ್ತದೆ. ನೀವು ಅಲ್ಲಿ ಆಡುವ ದಿನ ಮನೆಯವರು ಕರಾವಳಿಯ ಲೋಕಲ್ ರೈಲಿನಲ್ಲಿ ಹೌತ್‌ಗೆ ಹೋಗಿ ಕಡಲಂಚಿನ ಕಾಲುದಾರಿಯಲ್ಲಿ ನಡೆದುಬರಲಿ. ಬಿಸಿಲು ಬೇಕೆನ್ನುವವರಿಗೆ ಲಿಸ್ಬನ್ ಇದೆ. ಅಲ್ಲಿಂದ ಕಷ್ಕಾಯಿಷ್‌ವರೆಗಿನ ರೈಲು ಕಡಲ ಪಕ್ಕದಲ್ಲೇ ಸಾಗಿ ಸುಮಾರು ನಲವತ್ತು ನಿಮಿಷದಲ್ಲಿ ತಲುಪಿಸುತ್ತದೆ, ಆ ಭಾಗದಲ್ಲೇ ಎಸ್ಟೋರಿಲ್, ಓಯ್ಟಾವೋಸ್ ಕೋರ್ಸ್‌ಗಳೂ ಸ್ವಲ್ಪ ಒಳನಾಡಿನಲ್ಲಿ ಸಿಂಟ್ರಾದ ಅರಮನೆಗಳೂ ಇವೆ.

ದಿನ ಬಿಟ್ಟು ದಿನ ಆಡಿ, ಆಡುವ ದಿನ ಬೆಳಗಿನ ಮೊದಲ ಸಮಯಗಳನ್ನು ಹಿಡಿಯಿರಿ. ಏಳು ಗಂಟೆಗೆ ಆರಂಭಿಸಿದವರು ಊಟದ ಹೊತ್ತಿಗೆ ಮನೆಯವರೊಡನೆ ಇರಬಹುದು. ಯಾವ ದಿನಗಳು ನಿಮ್ಮವು, ಯಾವುವು ಎಲ್ಲರವು ಎಂಬುದನ್ನು ಹೊರಡುವ ಮೊದಲೇ ಕೂತು ಮಾತಾಡಿಕೊಳ್ಳುವುದು, ಅಲ್ಲಿಗೆ ಹೋದ ಮೇಲೆ ಅನುಮತಿ ಕೇಳುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ನಮ್ಮದೇ ಗಾಲ್ಫ್ ಸೆಟ್ ಒಯ್ಯಬೇಕೇ ಅಥವಾ ಅಲ್ಲೇ ಬಾಡಿಗೆಗೆ ಪಡೆಯಬೇಕೇ? ನಗರದ ಆಯ್ಕೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ. ನೇರ ವಿಮಾನವಿರುವ ನಗರಕ್ಕೆ, ನಾಲ್ಕು ಅಥವಾ ಹೆಚ್ಚು ಸುತ್ತು ಆಡಲು ಹೋಗುವುದಾದರೆ ನಿಮ್ಮದನ್ನೇ ಒಯ್ಯಿರಿ. ಕೈಗೆ ಒಗ್ಗಿದ ಕ್ಲಬ್‌ಗಳಿಗೆ (ಚೆಂಡು ಹೊಡೆಯುವ ಕೋಲುಗಳಿಗೆ) ಸಮನಾದದ್ದು ಬೇರೊಂದಿಲ್ಲ. ಎರಡು ಮೂರು ಕಡೆ ವಿಮಾನ ಬದಲಿಸಬೇಕಾದರೆ ಚೀಲ ಒಂದು ದಿನ ತಡವಾಗಿ ಬಂದರೂ ಆ ದಿನದ ಟೀ ಟೈಮ್ ಕೈತಪ್ಪುತ್ತದೆ. ಅಂಥ ನಗರವನ್ನು ಆರಿಸಿದ್ದರೆ ತಲುಪಿದ ಮರುದಿನ ಮುಖ್ಯ ಕೋರ್ಸ್ ಇಟ್ಟುಕೊಳ್ಳಬೇಡಿ. ನಿಯಮದ ಪ್ರಕಾರ ಗರಿಷ್ಠ ಹದಿನಾಲ್ಕು ಕ್ಲಬ್‌ಗಳು, ಶೂ, ಚೆಂಡು, ಮಳೆಯಂಗಿ ಎಲ್ಲ ಸೇರಿ ತೂಕ ಬೇಗ ಏರುವುದರಿಂದ ವಿಮಾನ ಸಂಸ್ಥೆಯ ಮಿತಿಯನ್ನು ನೋಡಿಕೊಂಡೇ ತುಂಬಿರಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಗಾಲ್ಫ್ ಚೀಲ ಸಾಗಿಸುವ ವಿದ್ಯುತ್ ಟ್ರಾಲಿಯ, 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದೇ ಇಲ್ಲ.

ಎರಡು ಸುತ್ತಿನ ಪ್ರವಾಸಕ್ಕೆ ಬಾಡಿಗೆಯೇ ಸಾಕು. ಆಗಲೂ ಶೂ, ಕೈಗವಸು ನಿಮ್ಮದೇ ಇರಲಿ. ಎಡಗೈ ಆಟಗಾರರು, ತುಂಬ ಎತ್ತರದವರು ಮತ್ತು ಮಹಿಳೆಯರು ತಮಗೆ ಹೊಂದುವ ಸೆಟ್ ಅಲ್ಲಿ ಇದೆಯೇ ಎಂಬುದನ್ನು ಟೀ ಟೈಮ್ ಕಾಯ್ದಿರಿಸುವಾಗಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನ ಕೋರ್ಸ್‌ಗಳು ಅಂಥ ಸೆಟ್‌ಗಳನ್ನು ಒಂದೆರಡಕ್ಕಿಂತ ಹೆಚ್ಚು ಇಟ್ಟುಕೊಂಡಿರುವುದಿಲ್ಲ.